ತಗಡು ತಿರುಗಿಸಿದ್ಯಾ?

ಫಿಲಂ ತೊಳೆಯುವ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಣ್ಣ, ತಂಗಿ ಕೂತಿದ್ದರು. ಅಣ್ಣನ ತೊಡೆಯ ಮೇಲೆ ಹಳೆಯ ದೊಡ್ಡ ಕ್ಯಾಮೆರಾದ ಪೆಟ್ಟಿಗೆಯಿತ್ತು.

"ತಗಡು ತಿರುಗಿಸಿದ್ಯಾ ಇಲ್ವಾ, ಅಷ್ಟು ಹೇಳು," ಅಂದಳು ತಂಗಿ.

"ತಿರುಗಿಸಿದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಒಂದು ಫಿಲಂ ಹಾಳೇಲಿ ಎರಡು ಉದ್ದುದ್ದ ಫೋಟೊ. ಮೇಲರ್ಧ ದೊಡ್ಡಮಾವನ ಮನೆಯವರು, ಕೆಳಗರ್ಧ ಚಿಕ್ಕಮಾವನ ಮನೆಯವರು. ಫಿಲಂ ಅರ್ಧ ಮುಚ್ಚೋ ತಗಡು ಮಧ್ಯೆ ತಿರುಗಿಸದಿದ್ರೆ ಎಲ್ರೂ ಮೇಲರ್ಧದಲ್ಲೇ ಒಬ್ರ ಮೇಲೊಬ್ರು ಬೀಳ್ತಾರೆ."

"ನಂಗೇ ಪಾಠ ಹೇಳ್ಬೇಡ. ಅವರು ಒಟ್ಟಿಗೆ ನಿಂತಿದ್ರೆ ಈ ಸರ್ಕಸ್ಸೇ ಬೇಕಿರ್ಲಿಲ್ಲ."

"ಹನ್ನೊಂದು ವರ್ಷದಿಂದ ಒಬ್ರ ಮುಖ ಒಬ್ರು ನೋಡಿಲ್ಲ. ಅಜ್ಜಿ ಫೋಟೊ ಕೇಳಿದ್ಲು ಅಂತ ಒಬ್ರು ಬೆಳಿಗ್ಗೆ, ಒಬ್ರು ಸಂಜೆ ಬಂದು ಅದೇ ಕುರ್ಚೀಲಿ ಕೂತು ಹೋದ್ರು. ಇನ್ನೊಂದ್ಸಲ ಕರೆದ್ರೆ ಬರ್ತಾರಾ?"

"ಬರಲ್ಲ."

"ನಾಳೆ ಬೆಳಿಗ್ಗೆ ಅಜ್ಜಿ ಆಪರೇಷನ್."

"ಗೊತ್ತು. ಸುಮ್ನಿರು ಸ್ವಲ್ಪ."

ಕೌಂಟರಿನವನು ಫಿಲಂ ಹಾಳೆಯನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಕರೆದ. ಇಬ್ಬರೂ ಹೋಗಿ ಬಗ್ಗಿದರು.

"ಕೆಳಗರ್ಧ ಖಾಲಿ," ಅಂದಳು ತಂಗಿ.

ಅಣ್ಣ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ.

"ಕುರ್ಚಿ ನೋಡು."

"ಏನಾಗಿದೆ?"

"ಇಬ್ರೂ ಮಾವಂದಿರು ಒಂದೇ ಕುರ್ಚೀಲಿದಾರೆ. ಯಾವ ಮೂಗು ಯಾರದು ಅಂತಾನೇ ಗೊತ್ತಾಗ್ತಿಲ್ಲ."

ತಂಗಿ ಭೂತಗನ್ನಡಿ ಕಿತ್ತುಕೊಂಡಳು. ಅವಳೂ ತುಂಬಾ ಹೊತ್ತು ನೋಡಿದಳು.

"ಯಾವುದು ಯಾರದು ಅಂತ ಅಜ್ಜಿಗೆ ಗೊತ್ತಾಗುತ್ತೆ," ಅಂದಳು. "ನಡಿ, ದೊಡ್ಡದಾಗೇ ಪ್ರಿಂಟ್ ಹಾಕ್ಸೋಣ."

ಇಬ್ಬರೂ ಒಳಕೋಣೆಗೆ ಹೋದರು. ಕ್ಯಾಮೆರಾ ಪೆಟ್ಟಿಗೆ ಬೆಂಚಿನ ಮೇಲೇ ಇತ್ತು.