ಹೆಸರಿಲ್ಲದ ಹನ್ನೆರಡು ರೆಕಾರ್ಡುಗಳು

ಮಾನ್ಯ ಅಧ್ಯಕ್ಷರಾದ ಶ್ರೀ ಅಜಿತ ಚೌಗುಲೆಯವರೇ, ವೇದಿಕೆಯ ಮೇಲಿರುವ ಗಣ್ಯರೇ, ನಮ್ಮೆಲ್ಲರ ಸಾರಂಗನ ಮಗಳು ಪ್ರಣಿತಾ ಅವರೇ, ಸಾಂಗಲಿ-ಮಿರಜಿನ ಕನ್ನಡ ಬಳಗದ ಬಂಧುಗಳೇ, ಹಾಗೂ ಸಮಡೋಳಿ, ಲಿಂಗನೂರುಗಳಿಂದ ಈ ಬಿಸಿಲಿನಲ್ಲಿ ವಿಶ್ರಾಮಬಾಗದವರೆಗೆ ಬಂದು ಕುಳಿತಿರುವ ಸಭಿಕರೇ,

ಅಧ್ಯಕ್ಷರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಬೇರೆಯವರಿಗಾಗಿ ಗಂಟೆ ಹೊಡೆಸಿದ ಆದಪ್ಪ ಮಾಸ್ತರ ನಾನು. ಇಂದು ನನಗಾಗಿ ಯಾರಾದರೂ ಗಂಟೆ ಹೊಡೆದರೆ ಬೇಸರವಿಲ್ಲ. ಮುಂದೆ ಕುಳಿತ ಹುಡುಗರಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಮಾತ್ರ ಮರಾಠಿ ಬರುತ್ತದೆ ಎಂಬುದು ನನಗೆ ಗೊತ್ತು. ನಾನು ಕನ್ನಡದಲ್ಲಿ ಮಾತನಾಡುತ್ತೇನೆ. ನೀವು ಮರಾಠಿಯಲ್ಲಿ ಚಪ್ಪಾಳೆ ತಟ್ಟಿರಿ, ನಡೆಯುತ್ತದೆ.

ಸಭೆ ನಾಲ್ಕು ಗಂಟೆಗೇ ಶುರುವಾಗಬೇಕೆಂದು ಹಟ ಹಿಡಿದವನೂ ನಾನೇ. ನನ್ನ ಅಕ್ಕ ಹೀರಾಬಾಯಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಸೂರ್ಯ ಮುಳುಗಿದ ಮೇಲೆ ಅವಳು ಅನ್ನ ಮುಟ್ಟುವುದಿಲ್ಲ, ನೀರೂ ಕುಡಿಯುವುದಿಲ್ಲ. ಎಂಬತ್ತು ವರ್ಷದ ಅವಳನ್ನು ಉಪವಾಸ ಕೆಡವುವ ಇಚ್ಛೆ ನನಗಿಲ್ಲ. ಆದ್ದರಿಂದ ಹೊತ್ತಿರುವಾಗಲೇ ಮುಗಿಸುತ್ತೇನೆ.

ಸಾರಂಗ ನಮ್ಮನ್ನು ಬಿಟ್ಟು ಹೋಗಿ ಇಂದಿಗೆ ಒಂದು ವರ್ಷ. ಅವನ ಹಾಡುಗಳ ಬಗ್ಗೆ ನಾನು ಹೇಳಬೇಕೇ? ಕೊಲ್ಹಾಪುರದಿಂದ ಸೊಲ್ಲಾಪುರದವರೆಗೆ ಅವನ ಹಾಡಿಲ್ಲದೆ ಹೊರಟ ವರಾತ, ಮದುವೆಯ ಮೆರವಣಿಗೆ, ಯಾವುದಿದೆ? ನಮ್ಮ ಲಿಂಗನೂರಿನ ತಮ್ಮಣ್ಣನ ಮಗ ಮುಂಬಯಿಯ ಬೆಳಕಿನಲ್ಲಿ ನಿಂತು ಹಾಡಿದಾಗ ಟಿವಿಯ ಮುಂದೆ ನಾವು ಎದೆ ಉಬ್ಬಿಸಿ ಕುಳಿತಿರಲಿಲ್ಲವೇ? ತಮ್ಮಣ್ಣ ಪಂಢರಪುರದ ಕಡೆಯಿಂದ ತಂಬೂರಿ ಮಾಡುವ ಸೋರೆ ಬುರುಡೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಮಿರಜಿನ ಕಾರಖಾನೆಗಳಿಗೆ ಹಾಕುತ್ತಿದ್ದ. ಬುರುಡೆಗಳ ನಡುವೆ ಕುಳಿತು ಬಂದ ಕೂಸು ಸಾರಂಗ. ನನ್ನ ವರ್ಗದಲ್ಲಿ ಅವನು ಗಣಿತದಲ್ಲಿ ಮೂರು ಸಲ ಫೇಲಾದ. ಇದನ್ನು ಅವನು ಪ್ರತಿ ಸಂದರ್ಶನದಲ್ಲೂ ಹೇಳುತ್ತಿದ್ದ, ನನ್ನ ಹೆಸರು ಹಿಡಿದೇ ಹೇಳುತ್ತಿದ್ದ.

ಆದರೆ ನಾನು ಇಂದು ಮಾತನಾಡಬೇಕಾದದ್ದು ಆ ಹಾಡುಗಳ ಬಗ್ಗೆ ಅಲ್ಲ. ಸಾರಂಗ ಬೇರೆಯವರಿಗಾಗಿ ಹನ್ನೆರಡು ರೆಕಾರ್ಡುಗಳನ್ನು ಮಾಡಿದ್ದಾನೆ. ಎಷ್ಟು ಜನರಿಗೆ ಗೊತ್ತು? ಕೈ ಎತ್ತಿರಿ ನೋಡೋಣ. ಇಬ್ಬರು. ಅದರಲ್ಲಿ ಒಬ್ಬಳು ಅವನ ಮಗಳು.

ಮಿರಜಿನ ಮುದಿ ಶಹನಾಯಿ ವಾದಕನೊಬ್ಬನ ರೆಕಾರ್ಡು ಇದೆ. ಕುರುಬರ ಧೋಂಡಿಬಾನ ಡೊಳ್ಳಿನ ಹಾಡುಗಳಿವೆ. ಜೋಗತಿ ಕಾಡವ್ವನ ಚೌಡಿಕೆಯ ಹಾಡುಗಳಿವೆ. ಇವುಗಳಲ್ಲಿ ಸಾರಂಗ ಹಾಡಿಲ್ಲ, ಏನನ್ನೂ ನುಡಿಸಿಲ್ಲ. ಹಾಡುವವರನ್ನು ಹುಡುಕಿಕೊಂಡು ಹೋದ, ಅವರ ಅಂಗಳದಲ್ಲಿ ಕುಳಿತ, ಯಾವ ಹಾಡು ಮೊದಲು, ಮೈಕು ಎಷ್ಟು ದೂರ, ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತು ಮಾಡಿದ. ಮೊದಲ ದಿನ ಯಂತ್ರವನ್ನು ಚೀಲದಿಂದ ಹೊರಗೇ ತೆಗೆಯುತ್ತಿರಲಿಲ್ಲ. ಅವರು ಮಾಡಿದ ಚಹಾ ಕುಡಿದು, ಅವರ ಜಗಳ ಕೇಳಿ, ಸಂಜೆಗೆ ಎದ್ದು ಬರುತ್ತಿದ್ದ.

ಒಮ್ಮೆ ನಾನು ಕೇಳಿದೆ, "ಇದರಾಗ ನಿನ್ನ ಕೆಲಸ ಏನಪಾ?" ಅವನು ನನ್ನನ್ನು ಮಿರಜಿನ ಒಂದು ತಂಬೂರಿ ಅಂಗಡಿಗೆ ಕರೆದುಕೊಂಡು ಹೋದ. ತಂತಿಗಳು ಹಾಯುವ, ಕುದುರೆ ಎಂಬ ಪುಟ್ಟ ಮಣೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲಿನ ಎಳೆ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದ ಕೂಡಲೇ ಮಂಕಾಗಿದ್ದ ತಂತಿ ಗುಂಯ್ ಎಂದು ತೆರೆದುಕೊಳ್ಳುತ್ತದೆ. "ಈ ನೂಲ ನಾನ್ರಿ ಗುರುಜಿ," ಎಂದ. "ಮಂದಿಗೆ ಇದು ಕಾಣಬಾರದ್ರಿ. ತಂತಿ ಕೇಳಬೇಕು."

ಇಷ್ಟು ಹೇಳಿ, ಎಂಥ ನಿಗರ್ವಿ ಮನುಷ್ಯ ಎಂದು ಹೊಗಳಿ, ಶಾಲು ಹೊದ್ದು ಕೂಡಬಹುದಿತ್ತು. ಹನ್ನೆರಡರಲ್ಲಿ ಒಂದರ ಮೇಲೂ ಅವನ ಹೆಸರಿಲ್ಲ. ಯಾಕಿಲ್ಲ? ಪತ್ರಿಕೆಯವರು ಕೇಳಿದರು, ಸಂಶೋಧಕರು ಕೇಳಿದರು. ಅವನು ಯಾರಿಗೂ ಹೇಳಲಿಲ್ಲ. ಕಾರಣ ಬಲ್ಲವನು ಇನ್ನೊಬ್ಬನಿದ್ದ. ಅವನೂ ಹೇಳಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಸಹಿಸಿಕೊಳ್ಳಿರಿ.

ನಾನೂ ಒಂದಿಷ್ಟು ಕವಿ. ಹದಿನೆಂಟು ಭಕ್ತಿಗೀತೆಗಳನ್ನು ಬರೆದು ಹಸಿರು ಫೈಲಿನಲ್ಲಿ ಇಟ್ಟಿದ್ದೇನೆ. ಹೆದರಬೇಡಿರಿ, ಇಂದು ತಂದಿಲ್ಲ. ೨೦೦೩ರಲ್ಲಿ ಸಾರಂಗನಿಗೆ ಫೋನು ಮಾಡಿ, ನನ್ನ ಗೀತೆಗಳನ್ನು ನೀನು ರೆಕಾರ್ಡು ಮಾಡಬೇಕು ಎಂದೆ. ಗುರುವಿನ ಮಾತು ಮೀರದೆ ಬಂದ. ಸಮಡೋಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತ. ನಾನು ಹದಿನೆಂಟನ್ನೂ ರಾಗವಾಗಿ ಓದಿದೆ. ಏಳನೆಯದರ ಹೊತ್ತಿಗೆ ಅವನ ಕಿವಿ ಬೇರೆಲ್ಲೋ ಇತ್ತು. ಒಳಗೆ ಅಕ್ಕ ನೆರೆಮನೆಯ ಗುರುಶಾಂತವ್ವನ ಮೊಮ್ಮಗಳನ್ನು ಮಲಗಿಸುತ್ತ ತೊಟ್ಟಿಲ ಹಾಡು ಹಾಡುತ್ತಿದ್ದಳು.

ಮಹಾವೀರ ಜಯಂತಿಯ ದಿನ ನಮ್ಮ ಬಸದಿಯಲ್ಲಿ ತೊಟ್ಟಿಲು ಕಟ್ಟುವುದು ನಿಮಗೆ ಗೊತ್ತಿದೆ. ತ್ರಿಶಲಾದೇವಿ ಬಾಲಸ್ವಾಮಿಯನ್ನು ತೂಗುವ ಹಾಡುಗಳನ್ನು ಹೆಂಗಸರು ಹಾಡುತ್ತಾರೆ. ನಮ್ಮೂರಲ್ಲಿ ಆ ಹಗ್ಗ ಹಿಡಿದು ಹಾಡುವವಳು ಹೀರಾಬಾಯಿ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಹಾಸಿಗೆ ಹಿಡಿದ ನಮ್ಮ ಅವ್ವನ ಸೇವೆ ಮಾಡಿದಳು, ನನ್ನ ಮಗಳು ಸ್ವಪ್ನಾಲಿಯನ್ನು ಎತ್ತಿ ಆಡಿಸಿದಳು, ನನ್ನ ಡಬ್ಬಿಗೆ ರೊಟ್ಟಿ ಕಟ್ಟಿದಳು. ಅವಳದು ಎಂದು ಇದ್ದದ್ದು ವರ್ಷಕ್ಕೊಂದು ದಿನದ ಆ ಹಗ್ಗ.

ಸಾರಂಗ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. "ಹೀರಾಕ್ಕಾ, ಇಂಥಾವು ಎಷ್ಟ ಬರತಾವ್ರಿ ನಿಮಗ?" ಅಕ್ಕ, "ಯಾರ ಎಣಿಸ್ಯಾರಪಾ, ಬಾಯಿಗೆ ಬಂದಂಗ ಹಾಡೂದು," ಎಂದಳು. ನನ್ನ ಹಸಿರು ಫೈಲು ಪಡಸಾಲೆಯಲ್ಲೇ ಉಳಿಯಿತು.

ಮೂರು ದಿನ ಧ್ವನಿಮುದ್ರಣ ನಡೆಯಿತು. ಫ್ಯಾನು ನಿಲ್ಲಿಸಿದೆವು, ಬಾವಿಯ ಮೋಟಾರು ಬಂದ್ ಮಾಡಿದೆವು. ಮೈಕಿನ ಮುಂದೆ ಕುಳಿತರೆ ಅಕ್ಕನಿಗೆ ಧ್ವನಿಯೇ ಏಳಲೊಲ್ಲದು. "ಕೈಯಾಗ ಹಗ್ಗ ಇಲ್ಲದ ನನಗ ಹಾಡ ಬರೂದಿಲ್ಲ," ಎಂದಳು. ಸಾರಂಗ ಗುರುಶಾಂತವ್ವನ ಮನೆಯ ತೊಟ್ಟಿಲನ್ನು ಹೊತ್ತು ತಂದ, ಸರಪಳಿ ಹಾಕಿ ತೊಲೆಗೆ ಕಟ್ಟಿದ. ಅಕ್ಕ ಆಗಲೂ ಒಪ್ಪಲಿಲ್ಲ. ಬರಿದಾದ ತೊಟ್ಟಿಲನ್ನು ತೂಗಬಾರದಲ್ಲ, ಅದು ಕೂಸಿಗೆ ಕೇಡು! ಸಾರಂಗ ತನ್ನ ಗಾಡಿಗೆ ಹೋಗಿ ಅಪ್ಪನ ಕಾಲದ ಒಂದು ತಂಬೂರಿ ಬುರುಡೆಯನ್ನು ತಂದ, ಅದಕ್ಕೆ ಕೂಸಿನ ಕುಂಚಿಗೆ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದ. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಯಾವಾಗ ಕಂಡಿದ್ದೆನೋ ನೆನಪಿಲ್ಲ.

"ತಪ್ಪಿದರ ನಿಲ್ಲಸ್ತಿ ಇಲ್ಲೋ?" ಎಂದು ಕೇಳಿದಳು. "ಕೂಸು ಮಲಗೂ ಮುಂದ ತೊಟ್ಟಲಾ ನಿಲ್ಲಸ್ತೀರೇನ್ರಿ? ಹಾಡ್ರಿ," ಎಂದ ಅವನು. ಸಂಜೆ ಐದಕ್ಕೆ ಕೆಲಸ ನಿಲ್ಲುತ್ತಿತ್ತು. ಹೊತ್ತು ಮುಳುಗುವ ಮುಂಚೆ ಎಲ್ಲರಿಗೂ ಊಟ. ಮುಂಬಯಿಯಲ್ಲಿ ನಡುರಾತ್ರಿ ಊಟ ಮಾಡುತ್ತಿದ್ದ ಸಾರಂಗ ನಮ್ಮ ಪಂಕ್ತಿಯಲ್ಲಿ ಕುಳಿತು, ಬೆಳಕಿರುವಾಗಲೇ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ.

ಹನ್ನೊಂದು ಹಾಡುಗಳಾದವು. ಆಮೇಲೆ ನಾನು ಅವನಿಗೊಂದು ಪತ್ರ ಬರೆದೆ.

ಆಗ ಸ್ವಪ್ನಾಲಿಗೆ ಗಂಡು ನೋಡುತ್ತಿದ್ದೆವು. ನಾನು ಬಸದಿಯ ಕಮಿಟಿಯಲ್ಲಿದ್ದೆ, ಶಾಲೆಯ ಹೆಡ್ ಮಾಸ್ತರನಾಗಿದ್ದೆ. ವರಾತಿನಲ್ಲಿ ಕುಡಿದವರು ಕುಣಿಯುವ ಹಾಡುಗಳನ್ನು ಮಾರುವ ಅಂಗಡಿಯಲ್ಲಿ ನಮ್ಮ ಮನೆಯ ವಿಧವೆ ಹೆಂಗಸಿನ ಹೆಸರೇ? ಬೀಗರು ಏನು ಅಂದಾರು? ಮೂರು ದಿನ ಎದುರಿಗೆ ಕುಳಿತು ಹೂಂಗುಟ್ಟಿದವನು, ಅಂಚೆಯಲ್ಲಿ ಬರೆದೆ: ನನ್ನ ಅಕ್ಕನ ಹೆಸರು ಎಲ್ಲಿಯೂ ಬರಕೂಡದು.

ಇದು ನಾನು ಇಪ್ಪತ್ತು ವರ್ಷ ನನಗೆ ನಾನೇ ಹೇಳಿಕೊಂಡ ಕಾರಣ. ಸ್ವಪ್ನಾಲಿಯ ಬೀಗರು ಸಂಗೀತವೆಂದರೆ ಜೀವ ಬಿಡುವ ಜನ. ಸಾರಂಗ ಮದುವೆಗೆ ಬಂದಾಗ ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತರು. ಅವರು ಏನೂ ಅನ್ನುತ್ತಿರಲಿಲ್ಲ. ನಿಜ ಹೇಳಲೇ? ನನ್ನ ಹದಿನೆಂಟು ಗೀತೆಗಳನ್ನು ಬಿಟ್ಟು ಅವನು ಅಡುಗೆಮನೆಗೆ ಎದ್ದು ಹೋದದ್ದು ನನಗೆ ಸಹಿಸಲಾಗಲಿಲ್ಲ. ನಾಲ್ಕನೆಯ ಇಯತ್ತೆ ದಾಟದ ಅಕ್ಕನ ಮೇಲೆ ಎಂ.ಎ. ಓದಿದ ತಮ್ಮನಿಗೆ ಹೊಟ್ಟೆಕಿಚ್ಚು ಬಂತು. ಸಭಿಕರೇ, ನಾನು ಇಷ್ಟೇ ಮನುಷ್ಯ.

ಪತ್ರ ತಲುಪಿದ ಮೇಲೆ ರೆಕಾರ್ಡು ಬಂತು. ಮುಖಪುಟದ ಮೇಲೆ ತೊಟ್ಟಿಲ ಚಿತ್ರ. ಹಾಡಿದವರು: ಸಮಡೋಳಿಯ ಓರ್ವ ಮಹಿಳೆ. ಅಷ್ಟೇ. ಸಾರಂಗನ ಹೆಸರೂ ಇರಲಿಲ್ಲ. ಅದು ಅವನು ಬೇರೆಯವರಿಗಾಗಿ ಮಾಡಿದ ಮೊದಲ ರೆಕಾರ್ಡು. ಮುಂದಿನ ಹನ್ನೊಂದರಲ್ಲಿ ಹಾಡಿದವರ ಹೆಸರಿದೆ, ನುಡಿಸಿದವರ ಹೆಸರಿದೆ, ಚಹಾ ಮಾಡಿಕೊಟ್ಟವರ ಹೆಸರೂ ಇದೆ. ಅವನದಿಲ್ಲ.

ಅದನ್ನು ಕೊಡಲು ಅವನೇ ಸಮಡೋಳಿಗೆ ಬಂದ. ಅಕ್ಕ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳು ಊರಲ್ಲಿಲ್ಲ ಎಂದು ನಾನು ಹೊಸ್ತಿಲಲ್ಲೇ ಹೇಳಿದೆ. ಪಾತ್ರೆಯ ಸದ್ದು ಅವನಿಗೂ ಕೇಳಿಸಿರಬೇಕು. ಪೊಟ್ಟಣವನ್ನು ನನ್ನ ಕೈಗಿತ್ತು, ಅಕ್ಕನಿಗೆ ಹೇಳಲು ಒಂದು ಮಾತು ಹೇಳಿ ಹೋದ.

ನಾನು ಆ ಮಾತನ್ನು ಹೇಳಲಿಲ್ಲ. ಪೊಟ್ಟಣವನ್ನು ಹಸಿರು ಫೈಲಿನ ಕೆಳಗಿಟ್ಟೆ. ಎಂಟು ದಿನದ ಮೇಲೆ ಅಕ್ಕ ಕೇಳಿದಳು, "ಆದಪ್ಪಾ, ಆ ಹಾಡ ಏನಾದುವೋ?" ನಾನು ಅಂದೆ, "ಬರಾಬರ ಬರಲಿಲ್ಲಂತ, ಅಕ್ಕಾ. ನಿನ್ನ ಧ್ವನಿ ಒಡದೈತಂತ." ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಸಾರಂಗ ಹಂಗಂದನ?" ಎಂದಳು. ನಾನು ಹೂಂ ಎಂದೆ.

ಅಷ್ಟೇ. ಒಂದು ಹೂಂ.

ಮರುವರ್ಷದ ಮಹಾವೀರ ಜಯಂತಿಗೆ ಬಸದಿಯಲ್ಲಿ ತೊಟ್ಟಿಲು ಕಟ್ಟಿದರು. ಹೆಂಗಸರು ಹಗ್ಗವನ್ನು ಅಕ್ಕನ ಕೈಗೆ ಕೊಡಲು ಬಂದರು. "ಒಡಕ ಧ್ವನೀಲೆ ಸ್ವಾಮಿನ ತೂಗಬಾರದ್ರಿ," ಎಂದು ಹಿಂದೆ ಸರಿದಳು. ಅದಾದ ಮೇಲೆ ಇಪ್ಪತ್ತೊಂದು ವರ್ಷ ಅವಳು ಹಾಡಿಲ್ಲ. ಬಸದಿಯಲ್ಲಿ ಹಾಡಿಲ್ಲ, ಅಡುಗೆಮನೆಯಲ್ಲಿ ಹಾಡಿಲ್ಲ, ಸ್ವಪ್ನಾಲಿಯ ಮಗುವಿಗೂ ಹಾಡಲಿಲ್ಲ. ಮದುವೆಗೆ ಸಾರಂಗ ಬಂದಾಗ ಎದುರಿಗೆ ಬರದೆ ಉಗ್ರಾಣದಲ್ಲಿ ಕುಳಿತಳು. ಅವನು ನನ್ನನ್ನು ಮೂಲೆಗೆ ಕರೆದು ಕೇಳಿದ, "ಗುರುಜಿ, ಹೀರಾಕ್ಕ ನನ್ನ ಮ್ಯಾಲೆ ಯಾಕ ಸಿಟ್ಟಾಗ್ಯಾಳ್ರಿ? ನನ್ನಿಂದ ಏನರ ತಪ್ಪಾತೇನು?" ನಾನು, ಹೆಂಗಸರ ಸ್ವಭಾವ ಎಂದು ನಕ್ಕೆ.

ಕಳೆದ ವರ್ಷ ಅವನು ಹೋದ. ತಪ್ಪೇನೆಂದು ತಿಳಿಯದೆಯೇ ಹೋದ.

ಎರಡು ತಿಂಗಳ ಹಿಂದೆ ಪ್ರಣಿತಾ ಮನೆಗೆ ಬಂದಳು. ಅಪ್ಪನ ಪೆಟ್ಟಿಗೆಯಲ್ಲಿ ಹನ್ನೆರಡೂ ರೆಕಾರ್ಡುಗಳು, ಅವುಗಳ ಕಾಗದಪತ್ರಗಳು ಸಿಕ್ಕಿದ್ದವು. ಒಂದು ಪತ್ರವನ್ನು ಮಡಿಸಿ ನನ್ನ ಮುಂದೆ ಇಟ್ಟು, "ಕಾಕಾ, ಇದು ನಿಮ್ಮದ ಐತ್ರಿ," ಎಂದಳು. ಅದು ನನ್ನ ಅಕ್ಷರ. ತಿರುವಿ ನೋಡಿದೆ. ಹಿಂದೆ ಪೆನ್ಸಿಲಿನಲ್ಲಿ ಸಾರಂಗ ಬರೆದುಕೊಂಡಿದ್ದ: ಹಾಗಾದರೆ ನನ್ನದೂ ಬೇಡ.

ಅವನ ಈ ಕೆಲಸ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಎಂದು ಕೇಳುವವರಿಗೆ ಉತ್ತರ ಈ ಕಾಗದ. ಇಲ್ಲಿದೆ, ನನ್ನ ಜೇಬಿನಲ್ಲಿ.

ಇದನ್ನು ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಂಟು ದಿನ ಪ್ರಯತ್ನಿಸಿದೆ. ಅಕ್ಕ ತಾಟಿನ ಮುಂದೆ ಕುಳಿತು, "ಇನ್ನೊಂದ ರೊಟ್ಟಿ ಹಾಕಲೇನೋ?" ಎಂದಾಗಲೆಲ್ಲ ತಾಟು ಮುಂದೆ ಸರಿಸಿದೆ, ಅಷ್ಟೇ. ಮೈಕಿನ ಮುಂದೆ ಮಾತ್ರ ಧೈರ್ಯ ಬರುವ ಜಾತಿ ನಮ್ಮದು, ಮಾಸ್ತರರದು. ಅವಳ ಹೆಸರನ್ನು ನಾನು ಅಡಗಿಸಿದ್ದು ಊರಿನಿಂದ. ಆದ್ದರಿಂದ ಊರಿನ ಮುಂದೆಯೇ ಹೇಳಬೇಕೆನಿಸಿತು.

ಅಧ್ಯಕ್ಷರೇ, ನನ್ನ ಸಮಯ ಮುಗಿದಿದೆ. ಕಿಟಕಿಯಲ್ಲಿ ಇನ್ನೂ ಬಿಸಿಲಿದೆ. ನಾನು ಕುಳಿತ ಮೇಲೆ ಮೊದಲ ರೆಕಾರ್ಡಿನ ಮೊದಲ ಹಾಡನ್ನು ಇಲ್ಲಿ ಹಾಕುತ್ತಾರೆ. ನಾಲ್ಕು ನಿಮಿಷದ ಹಾಡು. ನಡುವೆ ತೊಟ್ಟಿಲ ಸರಪಳಿಯ ಕಿರ್ರೆನ್ನುವ ಸದ್ದು ಕೇಳಿಸುತ್ತದೆ. ಅದನ್ನು ಸಾರಂಗ ಬೇಕೆಂದೇ ಇಟ್ಟುಕೊಂಡಿದ್ದಾನೆ. ಅಕ್ಕ ಇದನ್ನು ಇಂದಿನವರೆಗೆ ಕೇಳಿಲ್ಲ. ಹಾಡಿದವರ ಹೆಸರು ಹೀರಾಬಾಯಿ, ಸಮಡೋಳಿ. ರೆಕಾರ್ಡು ಮಾಡಿದವನು ಸಾರಂಗ, ಲಿಂಗನೂರಿನ ತಮ್ಮಣ್ಣನ ಮಗ.

ನನ್ನನ್ನು ಮಾತಿಗೆ ಕರೆದ ಪ್ರಣಿತಾ ಅವರಿಗೂ, ಕನ್ನಡ ಬಳಗಕ್ಕೂ, ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೂ ನಾನು ಋಣಿ. ಹೊಸ್ತಿಲಲ್ಲಿ ನಿಂತು ಸಾರಂಗ ನನಗೆ ಒಪ್ಪಿಸಿದ ಆ ಮಾತೊಂದು ಬಾಕಿ ಇದೆ. ಇಪ್ಪತ್ತೊಂದು ವರ್ಷ ತಡವಾಗಿ ತಲುಪಿಸುತ್ತಿದ್ದೇನೆ.

ಅಕ್ಕಾ, ನಿನ್ನ ಧ್ವನಿ ಒಡದಿರಲಿಲ್ಲ. ಸಾರಂಗ ಅಂದದ್ದು ಇಷ್ಟ: "ಹೀರಾಕ್ಕಗ ಹೇಳ್ರಿ, ಗುರುಜಿ. ನಾ ಇದರಾಗ ಏನೂ ತಿದ್ದಿಲ್ಲ. ತಿದ್ದಾಕ ಏನೂ ಇರಲಿಲ್ಲ."

ನಮಸ್ಕಾರ.