ದೂರು ಕೊಡೋ ಜಾಗ

ರಾಮನಗರದ ಅಂಚೆ ಕಚೇರಿಯಲ್ಲಿ ಲಕೋಟೆಗೆ ಗೋಂದು ಹಚ್ಚುತ್ತಿದ್ದೆ. ಪಕ್ಕದಲ್ಲಿ ಕಂಬಳಿ ಹೊದ್ದ ಹಿರಿಯರೊಬ್ಬರು ಜೊತೆಗಿದ್ದ ಹುಡುಗಿಯನ್ನು ಕೇಳುತ್ತಿದ್ದರು.

“ವರಲಕ್ಷ್ಮಿ, ಫ್ಯಾಕ್ಟ್ರಿ ವೆಬ್‌ಸೈಟ್ ಮಾಡ್ದೋಳು ನೀನು. ದೂರು ಕೊಡೋ ಜಾಗ ಎಲ್ಲವ್ವ ಐತೆ?”

“‘ಇತರೆ’ ಅಂತ ಕೊನೇಲೈತೆ ಮಾವ. ಅದ್ರೊಳಗೆ.”

“ಸೈಬರ್ ಸೆಂಟ್ರಲ್ಲಿ ಎಲ್ಲಿ ಒತ್ತುದ್ರೂ ಮಾಲೀಕನ ಫೋಟೋನೇ ಬತ್ತದೆ.”

“ಮೊದ್ಲು ಮೇಲೇ ಇಟ್ಟಿದ್ದೆ. ಎಲ್ರಿಗೂ ಕಾಣ್ತದೆ, ತೆಗಿ ಅಂದ್ರು ಮಾಲೀಕ್ರು.”

“ಅವ್ರ ಕೊಳಕು ನೀರು ಮಾತ್ರ ನಮ್ ಕೆರೆ ಹುಡುಕ್ಕಂಡು ಸೀದಾ ಬತ್ತದೆ. ಕುರಿ ಸಾಯ್ತಾವೆ ಕಣವ್ವ.”

“ನನ್ ಕೆಲ್ಸ ಹೋಯ್ತದೆ ಮಾವ…”

ಅವರು ಕಂಬಳಿಯೊಳಗಿಂದ ಮಡಿಸಿದ ಕಾಗದ ತೆಗೆದರು. “ಯುಗಾದೀಲೇ ಡಿಸಿಗೆ ಈ ಕಾಗ್ದ ಬರ್ದಿದ್ದೆ. ಬ್ಯಾಡ, ವೆಬ್‌ಸೈಟಲ್ಲೇ ಹಾಕು ಅಂದೋಳೂ ನೀನೇ.”

“ಅದ್ರಲ್ಲಿ ನನ್ ಹೆಸ್ರು ಐತಾ?”

“ಇಲ್ಲ. ನಮ್ಮ ಹುಡ್ಗಿ ಅಂತ ಹೆಸ್ರು ಬುಟ್ಟಿವ್ನಿ.”

ಅವರು ಕಾಗದವನ್ನು ರಿಜಿಸ್ಟರ್ ಮಾಡಿಸಿದರು. ಹುಡುಗಿ ಅಷ್ಟರಲ್ಲೇ ಮೆಟ್ಟಿಲಿಳಿದು ಹೋಗಿದ್ದಳು.