ಶಾಕಿರನ ಗೋರಿಯ ಕಲ್ಲು

ಜಿಹಾದಿ ದಳದ ನಾಯಕ ಗಿಯಾಸ್ ಸತ್ತ ಸುದ್ದಿ ಯೂಫ್ರೆಟಿಸ್ ದಂಡೆಯ ನಮ್ಮೂರಿಗೆ ತಲುಪಿದ ದಿನ, ಅವನ ತಾಯಿ ನದ್ವಾ ರೊಟ್ಟಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದಳು. ಗಿಯಾಸನ ಬಲಗೈಯಂತಿದ್ದ ಮಿಕ್ದಾದ್ ಹೆಗಲಿಗೆ ಬಂದೂಕು ಹಾಕಿಕೊಂಡು ಬಂದ.

“ಖಾಲಾ, ನಾಯಕರ ತಾಯಿ ನೀವು, ಸಾಲಲ್ಲಿ ನಿಲ್ಲೋದಾ? ರೊಟ್ಟಿ ಮನೆಗೇ ಕಳಿಸ್ತೀನಿ.”

“ದೋಣಿ ಶಾಕಿರನ ಹೆಂಡ್ತಿ ನಾನು. ನನ್ನ ಸರದಿ ಬರುತ್ತೆ ಬಿಡು.”

“ಅವರು ಹುತಾತ್ಮರಾದ್ರು. ಅಳಬೇಡಿ, ಸಿಹಿ ಹಂಚಿ.”

“ಸಿಹಿ ನೀನೇ ತಿನ್ನು. ಜೈಲಿಂದ ಗಡ್ಡ ಬಿಟ್ಕೊಂಡು ಬಂದವನು ಮೊದಲು ಮಾಡಿದ್ದೇನು? ಗೋರಿ ಮೇಲೆ ಹೆಸರಿರೋದು ಪಾಪ ಅಂತ ಹೆತ್ತಪ್ಪನ ಗೋರಿ ಕಲ್ಲನ್ನೇ ಒಡೆದ. ಅದನ್ನ ನೋಡಿ ತಾನೇ ನೀವೆಲ್ಲ ಅವನನ್ನ ನಾಯಕ ಮಾಡಿದ್ದು?”

“ತಂದೆಯನ್ನೂ ಬಿಡಲಿಲ್ಲ ಅಂತ ಊರೇ ನಡುಗಿತ್ತು, ಖಾಲಾ.”

“ನಾನು ನಡುಗಲಿಲ್ಲ. ಹೊಸ ಕಲ್ಲು ಕೆತ್ತಿಸಿದೀನಿ. ಇವತ್ತೇ ನೆಡ್ತೀನಿ.”

“ನಾವು ಒಡೀಬೇಕಾಗುತ್ತೆ.”

“ಒಡಿ. ಮತ್ತೆ ಕೆತ್ತಿಸ್ತೀನಿ. ನಿನ್ನ ರಟ್ಟೆ ಸೋಲೋವರೆಗೂ ಕೆತ್ತಿಸ್ತೀನಿ.”

“ಮಗನ ಗೋರಿಗೆ?”

ಅವಳ ಸರದಿ ಬಂತು; ಅಂಗಡಿಯವನ ಕೈಗೆ ದುಡ್ಡು ಎಣಿಸಿ ಕೊಟ್ಟಳು.

“ಅವನಿಗೆ ಬರೀ ಮಣ್ಣು. ಅವನು ಕೇಳಿದ್ದೂ ಅದೇ ಅಲ್ವಾ?”

ರೊಟ್ಟಿ ತೆಗೆದುಕೊಂಡು ಅವಳು ಸ್ಮಶಾನದ ದಾರಿ ಹಿಡಿದಳು. ಮಿಕ್ದಾದ್ ಹಿಂಬಾಲಿಸಲಿಲ್ಲ.

ದೇವರೇ, ನನ್ನ ಗೆಳೆಯ ಶಾಕಿರನಿಗೆ ಶಾಂತಿ ಕೊಡು. ಅವನ ಮಗನ ಕೈಯಲ್ಲಿ ಸತ್ತವರಿಗೆಲ್ಲ, ನನ್ನ ಮೊಮ್ಮಗನಿಗೂ, ಶಾಂತಿ ಕೊಡು. ಆ ಮಗನ ವಿಚಾರವನ್ನು ನಿನಗೇ ಬಿಟ್ಟಿದ್ದೇನೆ.